ಬೀಗರ ಗಂಟಲಿಗೆ ಇಳಿದ ಕ್ಯಾಮೆರಾ

ನಮ್ಮ ಬೀಗರಿಗೆ ಎಪ್ಪತ್ತು ದಾಟಿದೆ. ಬಾಯಲ್ಲಿ ಮೂವತ್ತೆರಡು ಹಲ್ಲೂ ಇವೆ. ಒಂದೂ ಅಲ್ಲಾಡಿಲ್ಲ, ಒಂದಕ್ಕೂ ಹುಳು ಹಿಡಿದಿಲ್ಲ. ಇದರ ಗುಟ್ಟೇನು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ: ಅವರು ಅವನ್ನು ಬಳಸಿಯೇ ಇಲ್ಲ! ಹೊಸ ಸ್ಕೂಟರು ತಂದು, ಸೀಟಿನ ಪ್ಲಾಸ್ಟಿಕ್ ಕೂಡ ಹರಿಯದೆ ಹಜಾರದಲ್ಲಿ ನಿಲ್ಲಿಸಿಕೊಂಡವರ ಹಾಗೆ ಹಲ್ಲುಗಳನ್ನು ಬಾಯಲ್ಲಿ ನಿಲ್ಲಿಸಿಕೊಂಡಿದ್ದಾರೆ.

ಬೀಗರು ಅಂದರೆ ನನ್ನ ಮಗನ ಮಾವ. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯವರು. ನಾನು ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವನು, ಹೆದ್ದಾರಿ ಪಕ್ಕದಲ್ಲಿ ನಲವತ್ತು ವರ್ಷ ಪಂಕ್ಚರ್ ಅಂಗಡಿ ಇಟ್ಟಿದ್ದವನು. ಓದಿದ್ದು ನಾಲ್ಕನೇ ಕ್ಲಾಸು. ಬರೆಯುವ ಚಾಳಿ ಇಲ್ಲದ ಕೈ ಇದು. ಆದರೆ ನಮ್ಮ ಮನೆಯಲ್ಲಿ ನಡೆದಿರುವ ಸಂಗತಿ ಎಂಥದ್ದು ಅಂದರೆ, ಹೇಳದೆ ಸುಮ್ಮನಿದ್ದರೆ ನಾನು ಹೆಚ್ಚು ಗಾಳಿ ತುಂಬಿದ ಟ್ಯೂಬಿನ ಹಾಗೆ ಒಡೆದುಹೋಗುತ್ತೇನೆ!

ಮೊದಲು ಬೀಗರ ಸಿದ್ಧಾಂತ ಕೇಳಿ. ಹಲ್ಲು ಇರುವುದು ಕಬ್ಬಿಗೆ, ಮೂಳೆಗೆ, ಹೆಚ್ಚೆಂದರೆ ದಾರ ಕಡಿಯುವುದಕ್ಕೆ. ರಾಗಿಮುದ್ದೆಗೆ (ನಮ್ಮ ಕಡೆ ಅದಕ್ಕೆ ಇಟ್ಟು ಅನ್ನುತ್ತೇವೆ) ಹಲ್ಲು ತಾಗಿಸುವುದು ಮಹಾಪರಾಧ. ಮುದ್ದೆಯನ್ನು ಮುರಿಯಬೇಕು, ಬೆರಳಲ್ಲಿ ಉಂಡೆ ಮಾಡಬೇಕು, ಸಾರಿನಲ್ಲಿ ಅದ್ದಬೇಕು, ನುಂಗಬೇಕು. ನಮ್ಮ ಕಡೆಯವರೆಲ್ಲ ಹಾಗೆಯೇ ಉಣ್ಣುವುದು, ಅದರಲ್ಲೇನು ವಿಶೇಷ ಅನ್ನುತ್ತೀರಾ? ಎಲ್ಲರೂ ನುಂಗುತ್ತಾರೆ ಸ್ವಾಮಿ. ಆದರೆ ಬೇರೆಯವರು ನುಂಗುವುದನ್ನು ಪಕ್ಕದಲ್ಲಿ ಕೂತು ಪರೀಕ್ಷೆ ಮಾಡುವವರು ಇವರೊಬ್ಬರೇ! ಎದುರಿಗೆ ಯಾರೇ ಊಟಕ್ಕೆ ಕೂರಲಿ, ಇವರ ಕಣ್ಣು ಅವರ ಮುಖದ ಮೇಲೆ ಇರುವುದಿಲ್ಲ, ಗಂಟಲಿನ ಮೇಲೆ ಇರುತ್ತದೆ. ಗಂಟಲು ಒಂದು ಸಲ ಮೇಲೆದ್ದು ಕೆಳಗಿಳಿದರೆ ಮನುಷ್ಯ ಸರಿ. ದವಡೆ ಆಡಿತೋ, ಆ ಮನುಷ್ಯನ ಕತೆ ಮುಗಿಯಿತು.

ನನ್ನ ಮಗನಿಗೆ ಹೆಣ್ಣು ಕೇಳಲು ಪೂರಿಗಾಲಿಗೆ ಹೋದ ದಿನ ಇವರು ನೌಕರಿ ಕೇಳಲಿಲ್ಲ, ಗದ್ದೆ ಕೇಳಲಿಲ್ಲ. ನಡುಮನೆಯಲ್ಲಿ ಚಾಪೆ ಹಾಸಿದರು, ಹುಡುಗನ ಮುಂದೆ ತಾಟಿಟ್ಟು ಬಿಸಿ ಮುದ್ದೆ ಇಟ್ಟರು, ಹುರುಳಿಕಾಳಿನ ಸಾರು ಬಿಟ್ಟರು, ತಾವು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತರು. ನನ್ನ ಮಗನಿಗೆ ಬಾಗಿಲ ಸಂದಿಯಲ್ಲಿ ಹುಡುಗಿಯ ಸೆರಗು ಕಂಡಿತ್ತು. ಆ ಗಾಬರಿಯಲ್ಲಿ ಪಾಪದವನು ಮುದ್ದೆಯನ್ನು ಬಾಯಿಗಿಟ್ಟು ಅಗಿದುಬಿಟ್ಟ!

ಬೀಗರು ಎದ್ದು ನಿಂತರು.

"ಉಡುಗ ಅಗೀತಾವ್ನೆ!" ಅಂದರು, ಹುಡುಗ ಬೀಡಿ ಹಚ್ಚಿದ ಅನ್ನುವ ದನಿಯಲ್ಲಿ. "ಇಟ್ಟ ಅಗಿಯೋನು ಸಂಸಾರ ಎಂಗ್ಲಾ ಮಾಡಾನು?"

ಮಾತು ಮುರಿದು ಬೀಳುವುದರಲ್ಲಿತ್ತು. ನನಗೆ ಏನು ತೋಚಿತೋ, ಮಗನ ತಾಟಿನಿಂದಲೇ ನಿಂಬೆಹಣ್ಣಿನ ಗಾತ್ರ ಮುರಿದೆ, ಸಾರಿಗೆ ಅದ್ದಿದೆ, ಗುಳುಂ ಅನ್ನಿಸಿದೆ. ಬೀಗರು ಬಗ್ಗಿ ನನ್ನ ಗಂಟಲನ್ನು ನೋಡಿದರು. ಒಂದೇ ಸಲ ಎದ್ದಿತು, ಒಂದೇ ಸಲ ಇಳಿಯಿತು.

"ಅಪ್ಪುಂದು ಸರ್ಯಾಗೇ ಅದೆ," ಅಂದರು ಹೆಂಡತಿಯ ಕಡೆ ತಿರುಗಿ. "ಮಗ ಮುಂದಕ್ಕೆ ಕಲ್ತ್ಕತಾನೆ ಬುಡು. ಕಾಯಿ ಎಲೆ ತತ್ತಾ."

ಮದುವೆಯಲ್ಲಿ ವಧೂವರರ ಜಾತಕ ಕೂಡಿಸುತ್ತಾರೆ. ನಮ್ಮಲ್ಲಿ ಕೂಡಿದ್ದು ಬೀಗರಿಬ್ಬರ ಗಂಟಲು!

ಔಷಧಿಯ ವಿಷಯದಲ್ಲಿಯೂ ಇವರದ್ದು ಸ್ವಂತ ಶಾಸ್ತ್ರ. ಯಾವ ಮಾತ್ರೆಯೇ ಕೊಡಿ, ಮುದ್ದೆಯ ತುತ್ತಿನೊಳಗೆ ಅಡಗಿಸಿ ಇಳಿಸುತ್ತಾರೆ. ಮಳವಳ್ಳಿಯ ಡಾಕ್ಟರು ಒಮ್ಮೆ, "ಇದನ್ನ ಖಾಲಿ ಹೊಟ್ಟೇಲಿ ತಗೋಬೇಕು ಗೌಡ್ರೆ" ಅಂದರಂತೆ. "ಖಾಲಿ ಒಟ್ಟೇಲೇ ತಗತೀನಿ ಸಾಮಿ, ಒಂದೇ ಒಂದ್ ಇಟ್ನೊಳಗೆ ಮಡಿಕಂಡು" ಅಂದರಂತೆ ಇವರು. ಡಾಕ್ಟರು ಸುಸ್ತಾಗಿ ಟಾನಿಕ್ ಬರೆದುಕೊಟ್ಟರು. ಇದನ್ನಾದರೂ ನೇರ ಕುಡಿಯುತ್ತಾನೆ ಮುದುಕ ಅಂದುಕೊಂಡಿರಬೇಕು. ಇವರು ಮುದ್ದೆಯ ನೆತ್ತಿಗೆ ಹೆಬ್ಬೆರಳು ಒತ್ತಿ ಗುಳಿ ಮಾಡಿ, ಟಾನಿಕ್ಕನ್ನು ಅದರಲ್ಲಿ ತುಂಬಿ, ಗುಳಿಯ ಬಾಯಿ ಮುಚ್ಚಿ ನುಂಗಿದರು!

ಇಂಥ ಮನುಷ್ಯನಿಗೂ ನನಗೂ ಸೇರಿ ಇರುವವಳು ಒಬ್ಬಳೇ ಮೊಮ್ಮಗಳು. ನನ್ನ ಮಗನ ಮಗಳು, ಅವರ ಮಗಳ ಮಗಳು. ನಾನು ಅವಳಿಗೆ ಸೋಮನಹಳ್ಳಿ ತಾತ, ಅವರು ಪೂರಿಗಾಲಿ ತಾತ. ಅವಳು ಆಸ್ಪತ್ರೆಯ ಯಂತ್ರಗಳನ್ನು ಮಾಡುವ ಓದು ಓದಿ, ಈಗ ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಹೊಸ ಯಂತ್ರವೊಂದನ್ನು ಪರೀಕ್ಷಿಸುವ ತಂಡದಲ್ಲಿದ್ದಾಳೆ. ಯಂತ್ರ ಅಂದರೆ ಜೆಸಿಬಿ ಥರದ್ದು ಅಂದುಕೊಳ್ಳಬೇಡಿ. ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ಒಂದು ಭಾನುವಾರ ಮನೆಗೆ ಬಂದವಳು ತನ್ನ ಚೀಲದಿಂದ ಸಣ್ಣ ಪೆಟ್ಟಿಗೆ ತೆಗೆದು, ನನ್ನ ಅಂಗೈ ಮೇಲೆ ಒಂದು ಗುಳಿಗೆ ಇಟ್ಟಳು. ಹುಣಸೆಬೀಜಕ್ಕಿಂತ ಉದ್ದ, ಗಾಜಿನ ಹಾಗೆ ಹೊಳಪು, ಹಿಂದೆ ಬಾಲದ ಹಾಗೆ ತೆಳ್ಳನೆಯ ದಾರ.

"ಇದೇ ತಾತ ಯಂತ್ರ. ಇದರೊಳಗೆ ದೀಪ ಇದೆ, ಕ್ಯಾಮೆರಾ ಇದೆ. ನೀರಿನ ಜೊತೆ ನುಂಗೋದು. ಗಂಟಲಿಂದ ಹೊಟ್ಟೆವರೆಗೂ ಇರೋ ಅನ್ನನಾಳದ ಒಳಗೋಡೆನೆಲ್ಲ ಪರದೆ ಮೇಲೆ ತೋರಿಸುತ್ತೆ. ನೋಡಿ ಆದ್ಮೇಲೆ ದಾರ ಹಿಡಿದು ಮೆಲ್ಲಗೆ ಎಳ್ಕೊಳೋದು, ಅಷ್ಟೆ. ದಪ್ಪ ಪೈಪು ಇಳಿಸ್ಬೇಕಾಗಿಲ್ಲ, ಮಂಪರು ಬರೋ ಇಂಜೆಕ್ಷನ್ ಇಲ್ಲ."

ನನಗೆ ಮೈ ಜುಂ ಅಂದಿತು! ನಲವತ್ತು ವರ್ಷ ನಾನು ಟ್ಯೂಬಿನ ತೂತು ಹುಡುಕಿದ್ದು ಹೇಗೆ? ಗಾಳಿ ತುಂಬಿ, ನೀರಿನ ತೊಟ್ಟಿಗೆ ಅದ್ದಿ, ಎಲ್ಲಿ ಗುಳ್ಳೆ ಬರುತ್ತದೆ ಅಂತ ಕಾಯುತ್ತಾ ಕೂತು. ನನ್ನ ಮೊಮ್ಮಗಳು ಟ್ಯೂಬಿನ ಒಳಗೇ ದೀಪ ಹಚ್ಚಿ ಬಿಡುತ್ತಾಳೆ! ನಾನು ಎದ್ದು ಬೀದಿಗೆ ಹೋಗಿ, ಪಕ್ಕದ ಗ್ಯಾರೇಜಿನ ಸಾಬರನ್ನು ಕರೆದು, ಎದುರುಮನೆಯವರನ್ನು ಕರೆದು, ದಾರಿಯಲ್ಲಿ ಹೋಗುತ್ತಿದ್ದ ಹಾಲಿನವನನ್ನೂ ನಿಲ್ಲಿಸಿ ಗುಳಿಗೆ ತೋರಿಸಿದೆ. ಸಾಬರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಏನ್ ಕೆಲಸ ಅಣ್ಣ! ನಮ್ ಇಂಜಿನ್ಗೂ ಇಂಥದ್ದೊಂದು ಮಾಡ್ಕೊಡಕ್ಕೇಳಿ ನಿಮ್ ಮಗೀಗೆ" ಅಂದರು. ಮೊಮ್ಮಗಳು ನಾಚಿಕೊಂಡು ಒಳಗೋಡಿದಳು.

ಸಂಜೆ ಅವಳೇ ತನ್ನ ಕಷ್ಟ ಹೇಳಿದಳು. "ಯಂತ್ರ ಚೆನ್ನಾಗಿದೆ ತಾತ, ಜನಕ್ಕೆ ನುಂಗಕ್ಕೇ ಬರ್ತಿಲ್ಲ. ಎಲ್ಲಾ ಅಗಿಯಕ್ಕೆ ನೋಡ್ತಾರೆ, ಇಲ್ಲ ಓಕರಿಸ್ತಾರೆ. ಪರೀಕ್ಷೆಗೆ ಆರೋಗ್ಯ ಇರೋರೂ ಬೇಕು, ಎದೆಯುರಿ ಇರೋರೂ ಬೇಕು. ಚೆನ್ನಾಗಿ ನುಂಗೋರು ಸಿಕ್ಕಿದ್ರೆ ಸಾಕು ಅನ್ನಿಸಿಬಿಟ್ಟಿದೆ."

ಚೆನ್ನಾಗಿ ನುಂಗುವವರು! ಮಂಡ್ಯ ಜಿಲ್ಲೆಯಲ್ಲಿ ನಿಂತು ಈ ಮಾತು ಆಡುತ್ತಾಳಲ್ಲ! ನಾನು ಅಲ್ಲೇ ನನ್ನ ಹೆಸರು ಕೊಟ್ಟೆ. ಮಾರನೆಯ ದಿನವೇ ಬೀಗರ ಹೆಸರನ್ನೂ ಕೊಡಿಸುತ್ತೇನೆಂದು ಮಳವಳ್ಳಿ ಬಸ್ಸು ಹತ್ತಿದೆ.

ಪೂರಿಗಾಲಿಗೆ ಹೋಗುವಷ್ಟರಲ್ಲಿ ಊಟದ ಹೊತ್ತು. ಬೀಗರು ಎಂದಿನಂತೆ, "ಬನ್ನಿ ಬೀಗ್ರೆ, ಕುಂತ್ಕಳಿ, ಗಂಟ್ಲು ತೋರ್ಸಿ" ಅಂದರು. ಇಬ್ಬರಿಗೂ ತಾಟು ಬಂತು. ನಾನು ಮಾತಿನ ಸಂಭ್ರಮದಲ್ಲಿ ಗುಳಿಗೆಯ ಕತೆ ಹೇಳುತ್ತಿದ್ದೆ. ಅವರು ಹೂಂ ಹೂಂ ಅನ್ನುತ್ತಿದ್ದರು. ಅವರ ತಾಟಿನಲ್ಲಿ ಮುದ್ದೆ ಕರಗುತ್ತಿತ್ತು. ಆದರೆ ಬೀಗರ ಗಂಟಲು ಮಾತ್ರ ಮೇಲೇಳುತ್ತಲೇ ಇಲ್ಲ! ಇದೇನು ಮಾಯ ಅಂತ ಬಗ್ಗಿ ನೋಡಿದರೆ, ಎಡಮೊಣಕಾಲಿನ ಹಿಂದೆ ಮನೆಯ ನಾಯಿ ಕೂತಿದೆ. ತುತ್ತು ಕೈಯಿಂದ ಹೊರಡುವುದು, ಬಾಯಿಯ ದಾರಿ ಹಿಡಿದ ಹಾಗೆ ಮಾಡುವುದು, ತಿರುಗಿ ನಾಯಿಗೆ ಸೇರುವುದು. ನಾಯಿ ಬೇರೆ ಮೈತುಂಬಿಕೊಂಡು ಪಟೇಲನ ಹಾಗಿತ್ತು!

ನಾನು ನಕ್ಕುಬಿಟ್ಟೆ. "ಏನ್ ಬೀಗ್ರೆ, ನಾಯಿಗೂ ಗಂಟ್ಲು ಪರೀಕ್ಸೆನಾ?"

ಅವರು ನಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಬೀಗಿತ್ತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. "ಮೂರ್ ತಿಂಗ್ಳಾಯ್ತು ಅಣ್ಣ. ಇಟ್ಟು ಎದೆತಾವ್ಲೇ ನಿಂತ್ಕತದೆ. ಬರೀ ಗಂಜಿ ಕುಡ್ಕಂಡವ್ರೆ. ನಾ ಏಳುದ್ರೆ ಬಯ್ತಾರೆ."

"ಸುಮ್ಕಿರಮ್ಮಿ ನೀನು," ಅಂದರು ಬೀಗರು. ಆದರೆ ದನಿಯಲ್ಲಿ ಜೋರಿರಲಿಲ್ಲ.

ಬೀಗಿತ್ತಿ ಒಳಗೆ ಹೋದಮೇಲೆ ಬೀಗರು ನನ್ನ ಕಿವಿಯ ಹತ್ತಿರ ಬಂದು ಹೇಳಿದರು. ಅವರ ಅಣ್ಣನಿಗೂ ಹೀಗೆಯೇ ಶುರುವಾಯಿತಂತೆ. ಮೊದಲು ಮುದ್ದೆ ನಿಂತಿತು, ಆಮೇಲೆ ಅನ್ನ ನಿಂತಿತು, ಕೊನೆಗೆ ನೀರು. ಅನ್ನನಾಳದ ಕೆಟ್ಟ ಕಾಯಿಲೆ. ತಿಳಿಯುವ ಹೊತ್ತಿಗೆ ಏನೂ ಉಳಿದಿರಲಿಲ್ಲವಂತೆ. ಇವರಿಗೆ ಮಳವಳ್ಳಿಯಲ್ಲಿ ಪೈಪು ಇಳಿಸಿ ನೋಡಬೇಕು ಅಂದಾಗ, ಚೀಟಿಯನ್ನು ಅಲ್ಲೇ ಬೆಂಚಿನ ಮೇಲಿಟ್ಟು ಬಸ್ಸು ಹತ್ತಿದ್ದರು.

"ನೋಡುದ್ರೆ ತಾನೆ ಬೀಗ್ರೆ ಇರದು? ನೋಡ್ದಿದ್ರೆ ಇಲ್ಲ," ಅಂದರು. "ಮಗೀಗೆ ಏಳ್ಬಾರ್ದು. ಆಣೆ ಮಾಡಿ."

ಗೋಡೆಯ ಮೇಲೆ ಮೊಮ್ಮಗಳ ಫೋಟೋ ಇತ್ತು. ಅದರ ತಲೆ ಮೇಲೆ ನನ್ನ ಕೈ ಇಡಿಸಿ ಆಣೆ ಮಾಡಿಸಿಕೊಂಡರು. ಆಣೆ ಮಾಡಿಯೂ ನಾನು ಇನ್ನೊಂದು ದಾರಿ ಹಿಡಿದೆ. "ಆಯ್ತು ಬುಡಿ. ಕಾಯಿಲೆ ಮಾತು ಬ್ಯಾಡ. ಆದ್ರೆ ಮಗೀಗೆ ನುಂಗೋರು ಬೇಕಂತೆ. ಮಂಡ್ಯದೋರೆಲ್ಲ ಓಕರಿಸ್ತಾವ್ರಂತೆ. ಪೂರಿಗಾಲೀಲಿ ಗಂಡುಸ್ರು ಇಲ್ಲ ಅಂದ್ಬುಡ್ಲಾ?"

ಬೀಗರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಕಾಯಿಲೆ ನೋಡ್ಸಕ್ಕಲ್ಲ. ನುಂಗದು ಎಂಗೆ ಅಂತ ತೋರ್ಸಕ್ಕೆ ಬತ್ತೀನಿ. ಗ್ಯಾಪ್ಕ ಇರ್ಲಿ."

ಹೊರಟೆವು ನೋಡಿ ಮಂಡ್ಯಕ್ಕೆ! ದಾರಿಯಲ್ಲಿ ಮದ್ದೂರಿನ ಬಸ್ ಸ್ಟಾಂಡಿನಲ್ಲಿ ವಡೆ ಕೊಡಿಸಲು ಹೋದೆ. ಊರೂರಿನಿಂದ ಜನ ಇಳಿದು ತಿನ್ನುವ ವಡೆಯನ್ನು ಬೀಗರು ತಿರುಗಿಸಿ ಮುರುಗಿಸಿ ನೋಡಿ, "ಇದ್ನ ಅಗೀಬೇಕಲ್ಲ!" ಅಂತ ವಾಪಸು ಕೊಟ್ಟರು.

ಆಸ್ಪತ್ರೆಯಲ್ಲಿ ಮೊಮ್ಮಗಳು ಬಿಳಿ ಕೋಟು ಹಾಕಿಕೊಂಡು ಎದುರಿಗೆ ಬಂದಳು. ನಾವಿಬ್ಬರೂ ಎದ್ದು ನಿಂತೆವು. ಯಾಕೆ ನಿಂತೆವೋ ಗೊತ್ತಿಲ್ಲ! ಕೈ ಮುಗಿಯುವುದೊಂದು ಬಾಕಿ. "ಕೂತ್ಕೊಳಿ ತಾತ, ನಾನೇ!" ಅಂತ ನಕ್ಕಳು. ಸ್ವಂತದವರ ಪ್ರಶ್ನೋತ್ತರ ತಾನು ಬರೆದುಕೊಳ್ಳುವ ಹಾಗಿಲ್ಲವೆಂದು ನಮ್ಮನ್ನು ಡಾಕ್ಟರಮ್ಮನ ಮುಂದೆ ಕೂರಿಸಿ ಹೊರಗೆ ಹೋದಳು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಸಮಾಧಾನದವರು. ಕಾಗದ ಹಿಡಿದು ಒಂದೊಂದೇ ಕೇಳಿದರು.

"ನುಂಗುವಾಗ ಊಟ ಸಿಕ್ಕಿಹಾಕಿಕೊಂಡ ಹಾಗೆ ಆಗುತ್ತಾ ಅಜ್ಜ?"

"ನಂಗಾ?" ಅಂದರು ಬೀಗರು. "ಪೂರಿಗಾಲೀಲಿ ಕೇಳಿ ತಾಯಿ!"

ಡಾಕ್ಟರಮ್ಮ ಇಲ್ಲ ಅಂತ ಗುರುತು ಹಾಕಲು ಪೆನ್ನು ಇಳಿಸಿದರು. ಇದೊಂದು ಪ್ರಶ್ನೆಗೆ ಸುಳ್ಳು ಹೇಳಿದರೆ ಗುಳಿಗೆ ಒಳಗೆ ಹೋಗಿ ಎಲ್ಲಾದರೂ ಸಿಕ್ಕಿಕೊಂಡರೆ? ದಾರ ಹಿಡಿಯುವ ಕೈ ನಮ್ಮ ಮಗುವಿನದ್ದು! ಆದರೆ ಆಣೆ? ಫೋಟೋದ ತಲೆ ಮೇಲೆ ಕೈ ಇಟ್ಟರೆ ಆಣೆ ನಿಜವಾದ ತಲೆಗೆ ತಾಗುತ್ತದೆಯೇ? ಗಾಜು ಬೇರೆ ಇತ್ತು ನಡುವೆ. ತಾಗುವುದಿಲ್ಲ ಅಂತ ಅಲ್ಲೇ ತೀರ್ಪು ಕೊಟ್ಟುಕೊಂಡೆ.

"ಆಯ್ತದೆ ಮೇಡಂ," ಅಂದೆ. "ಮೂರ್ ತಿಂಗ್ಳಿಂದ. ನಾಯಿ ದಪ್ಪ ಆಗ್ಬುಟ್ಟದೆ. ಇವ್ರಣ್ಣನ್ಗೂ ಇಂಗೇ ಆಗಿತ್ತು."

ಬೀಗರು ನನ್ನ ಕಡೆ ತಿರುಗಿದ ನೋಟ ಇದೆಯಲ್ಲ, ಅದನ್ನು ಬರೆಯಲು ಬರುವುದಿಲ್ಲ. "ಎಣ್ಣು ಕೊಟ್ಟೋನ್ಗೆ ಇಂಗಾ ಮಾಡದು ಬೀಗ್ರೆ?" ಅಂದರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹೇಳಿದ್ದು ತುಂಬಾ ಒಳ್ಳೇದಾಯ್ತು. ಮೊದಲು ಜಾಗ ಎಷ್ಟಿದೆ ನೋಡೋಣ" ಅಂತ, ಸುಣ್ಣ ಕಲಸಿದಂಥ ಬಿಳಿ ನೀರು ಕುಡಿಸಿ ಎಕ್ಸ್‌ರೇ ತೆಗೆಸಿದರು. ಬೀಗರು ಗುಟುಕು ಗುಟುಕಿಗೂ, "ದೀಪಾವ್ಳಿಗೆ ಗ್ವಾಡೆಗ್ ಬಳಿಯದು ಇದು" ಅನ್ನುತ್ತಲೇ ಕುಡಿದರು. ಕೆಳಗಡೆ ಒಂದು ಕಡೆ ಕಿರಿದಾಗಿದೆ, ಆದರೆ ಗುಳಿಗೆ ಹೋಗುವಷ್ಟು ದಾರಿ ಇದೆ, ದಾರ ಇರುವುದರಿಂದ ಭಯವಿಲ್ಲ, ಎರಡು ದಿನ ಬಿಟ್ಟು ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದರು. ಕಿರಿದಾಗಿರುವುದು ಯಾಕೆ? ಅದನ್ನೇ ಕ್ಯಾಮೆರಾ ಹೇಳಬೇಕಿತ್ತು.

ಆ ಎರಡು ದಿನ ಬೀಗರು ನಮ್ಮ ಮನೆಯಲ್ಲೇ ಉಳಿದರು. ನನ್ನ ಜೊತೆ ಒಂದು ಮಾತಿಲ್ಲ. ಹೇಳಬೇಕಾದದ್ದನ್ನೆಲ್ಲ ನನ್ನ ಹೆಂಡತಿಯ ಮೂಲಕ ಹೇಳುತ್ತಿದ್ದರು. "ನಿಮ್ಮೆಜಮಾನ್ರಿಗೆ ಏಳಿ ತಾಯಿ, ಟಿವಿ ಸ್ವಲ್ಪ ಸಣ್ಕೆ ಮಾಡ್ಲಿ." ನಾನು ಪಕ್ಕದಲ್ಲೇ ಕೂತಿದ್ದೆ!

ಪರೀಕ್ಷೆಯ ದಿನ ಮೊದಲ ಸರದಿ ನನ್ನದು, ಆರೋಗ್ಯವಂತರ ಪಟ್ಟಿಯಲ್ಲಿ. ಕುರ್ಚಿ ಮೇಲೆ ನೆಟ್ಟಗೆ ಕೂರಿಸಿದರು. ನರ್ಸಮ್ಮ ನೀರಿನ ಲೋಟ ಕೊಟ್ಟರು. ಮೊಮ್ಮಗಳು ದಾರ ಹಿಡಿದು ನಿಂತಳು. ಹೆಣ್ಣು ಗೆದ್ದ ಗಂಟಲು ನನ್ನದು, ಇದೆಷ್ಟರದು ಅಂತ ಗುಳಿಗೆ ಬಾಯಿಗಿಟ್ಟೆ. ಓಕ್! ಇನ್ನೊಂದು ಸಲ. ಓಕ್! ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಮೂರನೆಯ ಸಲ ಗುಳಿಗೆ ಚಿಮ್ಮಿ ನನ್ನ ಶರ್ಟಿನ ಜೇಬಿಗೆ ಬಿತ್ತು! ಎರಡು ದಿನದಿಂದ ಬಿಗಿದುಕೊಂಡಿದ್ದ ಬೀಗರು ಮೂಲೆಯ ಸ್ಟೂಲಿನ ಮೇಲೆ ಕೂತು ನಗಲು ಶುರು ಮಾಡಿದರು. ನಗು ಅಂದರೆ ಹೊಟ್ಟೆ ಹಿಡಿದುಕೊಂಡು!

"ಅಯ್ಯೋ ನನ್ ಕರ್ಮವೇ! ಈ ಗಂಟ್ಲ ನೋಡಿ ನಾನ್ ಎಣ್ಣು ಕೊಟ್ನಲ್ಲಾ! ಏಳಿ ಬೀಗ್ರೆ, ಏಳಿ, ಆ ಕುರ್ಚಿ ಬುಡಿ ಇತ್ಲಾಗೆ!"

ನಾಲ್ಕನೆಯ ಸಲಕ್ಕೆ ಹೇಗೋ ಇಳಿಸಿ ಮರ್ಯಾದೆ ಉಳಿಸಿಕೊಂಡು ಎದ್ದೆ. ನನ್ನ ಒಳಗೆಲ್ಲ ಚೊಕ್ಕಟವಾಗಿದೆಯಂತೆ. ಯಾರಿಗೆ ಬೇಕಿತ್ತು ಅದು!

ಬೀಗರಿಗೆ ಹೊಸ ಗುಳಿಗೆಯ ಪೊಟ್ಟಣ ಒಡೆದರು. ಅವರು ಪರದೆಗೆ ಬೆನ್ನು ಮಾಡಿ ಕೂತರು. ತಮ್ಮ ಒಳಗನ್ನು ತಾವೇ ನೋಡಿಕೊಳ್ಳುವುದು ಸರಿಯಲ್ಲವಂತೆ. ಗುಳಿಗೆಯನ್ನು ತೆಗೆದುಕೊಂಡು ಮೂರು ಬೆರಳಲ್ಲಿ ಹೊರಳಿಸಿ ಹೊರಳಿಸಿ ಉಂಡೆ ಮಾಡುವ ಹಾಗೆ ಮಾಡಿದರು. ಆಮೇಲೆ ಸುತ್ತಲೂ ನೋಡಿದರು.

"ಸಾರೆಲ್ಲಿ?"

"ನೀರು ಇದೆ ಅಜ್ಜ," ಅಂದರು ನರ್ಸಮ್ಮ.

"ನೀರ್ನಾಗ್ ಯಾವೋನವ್ವ ನುಂಗಾನು?"

ಎಲ್ಲರೂ ನಕ್ಕರು. ನರ್ಸಮ್ಮ ಲೋಟ ತುಂಬಲು ಆ ಕಡೆ ತಿರುಗಿದರು, ಡಾಕ್ಟರಮ್ಮ ಪರದೆಯ ಕಡೆ ತಿರುಗಿದರು, ಮೊಮ್ಮಗಳು ದಾರದ ಗುರುತು ನೋಡುತ್ತಿದ್ದಳು, ನಾನು ಮೂಗು ಒರೆಸಿಕೊಳ್ಳುತ್ತಿದ್ದೆ. ಗುಳುಂ! ಒಂದೇ ಸಲ! ಲೋಟ ಬರುವುದರೊಳಗೆ ಗುಳಿಗೆ ಒಳಗೆ!

"ಸೂಪರ್ ತಾತ!" ಅಂದಳು ಮೊಮ್ಮಗಳು. ನಾವೆಲ್ಲ ಪರದೆ ನೋಡಿದೆವು.

ಪರದೆಯ ತುಂಬಾ ಕಂದು ಬಣ್ಣದ ಪ್ರವಾಹ. ಅದರಲ್ಲಿ ಕರಿ ಬಂಡೆಗಳು ಉರುಳಿಕೊಂಡು ಹೋಗುತ್ತಿವೆ. ಡಾಕ್ಟರಮ್ಮನ ಹುಬ್ಬು ಗಂಟಾಯಿತು. ದಾರ ಇನ್ನೊಂದಿಷ್ಟು ಇಳಿಯಿತು. ಕೆಳಗೆ, ಎಕ್ಸ್‌ರೇಯಲ್ಲಿ ಕಿರಿದಾಗಿ ಕಂಡಿದ್ದ ಜಾಗದಲ್ಲೇ, ಗೋಡೆಗೆ ಅಂಟಿಕೊಂಡ ಹಾಗೆ ಒಂದು ಕಪ್ಪು ಕಲೆ ಕಂಡಿತು. ಉದ್ದಕ್ಕೆ, ಚಪ್ಪಟೆಯಾಗಿ, ಅಂಚು ಮೇಲೆದ್ದು.

"ನಿಲ್ಲಿಸು. ಎಳೀಬೇಡ," ಅಂದರು ಡಾಕ್ಟರಮ್ಮ. ದನಿ ಬದಲಾಗಿತ್ತು.

ಬೀಗರು ನಮ್ಮ ಮುಖ ನೋಡುತ್ತಿದ್ದರು. ಬಾಯಿಂದ ದಾರ ಇಳಿಬಿದ್ದಿತ್ತು. ಇವರು ಸುಮ್ಮನೆ ಗಂಜಿ ಕುಡಿದುಕೊಂಡು ಮನೆಯಲ್ಲಿದ್ದರು, ಕರೆದುಕೊಂಡು ಬಂದು ಇದನ್ನು ತೋರಿಸಿದವನು ನಾನು! ಮಗುವಿನ ಮುಖ ನೋಡಿದೆ. ಬಿಳಿಚಿಕೊಂಡಿತ್ತು. ಆದರೆ ದಾರ ಹಿಡಿದ ಕೈ ಮಾತ್ರ ಅಲ್ಲಾಡಲಿಲ್ಲ. ಅವಳು ಪರದೆಗೆ ಹತ್ತಿರ ಬಗ್ಗಿದಳು. ಇನ್ನೂ ಹತ್ತಿರ ಬಗ್ಗಿದಳು.

"ಮೇಡಂ... ಇದಕ್ಕೆ ನಡುವೆ ಗೆರೆ ಇದೆ."

"ಎಲ್ಲಿ?"

"ಇಲ್ಲಿ. ಪಕ್ಕಕ್ಕೆ ಸಣ್ಣ ಗೆರೆಗಳೂ ಇವೆ. ತುದಿ ಚೂಪಾಗಿದೆ." ಅವಳು ನಿಧಾನವಾಗಿ ತಾತನ ಕಡೆ ತಿರುಗಿದಳು. "ತಾತ, ಜುಬ್ಬದ ಜೇಬು ಉಬ್ಬಿದೆಯಲ್ಲ, ಏನದು?"

ಬೀಗರು ಜೇಬಿನ ಮೇಲೆ ಕೈ ಮುಚ್ಚಿದರು. ನಾನು ಕೈ ಹಾಕಿ ಎಳೆದೆ. ಕೆಮ್ಮಿನ ಔಷಧಿಯ ಹಳೇ ಬಾಟಲಿ! ಮುಚ್ಚಳ ತೆಗೆದರೆ ಘಮ್ಮಂತ ಹುರುಳಿಕಾಳಿನ ಸಾರು! ನಮ್ಮ ಮನೆಯದೇ! ಬೆಳಿಗ್ಗೆ ನನ್ನ ಹೆಂಡತಿಯ ಕೈಯಲ್ಲಿ ಗುಟ್ಟಾಗಿ ತುಂಬಿಸಿಕೊಂಡು ಬಂದಿದ್ದರು.

"ಕರಿಬೇವಿನ ಎಲೆ ಮೇಡಂ ಅದು!" ಅಂದಳು ಮೊಮ್ಮಗಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ. "ಉರುಳ್ಕೊಂಡು ಹೋಗಿದ್ದು ಸಾಸಿವೆ!"

ಡಾಕ್ಟರಮ್ಮ ಗೋಡೆಗೆ ಒರಗಿಬಿಟ್ಟರು. ಅಷ್ಟು ಓದಿದವರು ಅಷ್ಟು ಜೋರಾಗಿ ನಗುವುದನ್ನು ನಾನು ನೋಡಿರಲಿಲ್ಲ! "ಖಾಲಿ ಹೊಟ್ಟೇಲಿ ಬನ್ನಿ ಅಂದಿದ್ದೆ ಅಲ್ವಾ ಅಜ್ಜ?"

ದಾರ ಬಾಯಲ್ಲಿದ್ದಂತೆಯೇ ಬೀಗರು ಉತ್ತರ ಕೊಟ್ಟರು. "ಸಾರು ಊಟವಾ ತಾಯಿ? ಅದು ದಾರಿ ಅಲ್ವಾ?"

ಗುಳಿಗೆ ವಾಪಸು ಎಳೆದರು. ಸಾರು ಕರಗುವ ತನಕ ಒಂದಷ್ಟು ಗಂಟೆ ಕಾಯಿಸಿದರು. ಹೊಸದೊಂದು ಗುಳಿಗೆ ತಂದರು. ಈ ಸಲ ಬೀಗರ ಎರಡು ಪಕ್ಕಕ್ಕೂ ಕಾವಲು: ಒಂದು ಕಡೆ ನರ್ಸಮ್ಮ, ಒಂದು ಕಡೆ ನಾನು. ಬರೀ ನೀರು. ಸಾರಿಲ್ಲದೆ ಕೂತ ಬೀಗರ ಮುಖದಲ್ಲಿ ಮೊದಲ ಸಲ ಭಯ ಕಂಡಿತು. ಮೊಮ್ಮಗಳು ಮಂಡಿಯೂರಿ ಅವರ ಮುಂದೆ ಕೂತು, "ನನ್ನ ನೋಡಿ ತಾತ, ನಾನೂ ಮೊದಲು ಇಂಥದ್ದನ್ನೇ ನುಂಗಿದ್ದು. ನಮ್ಮ ಮೇಲೆ ನಾವೇ ಪರೀಕ್ಷೆ ಮಾಡ್ಕೊಳ್ಳದೆ ಬೇರೆಯವರಿಗೆ ಕೊಡ್ತೀವಾ?" ಅಂದಳು.

"ನೀನ್ ನುಂಗಿದ್ಯಾ?" ಅಂದರು ಬೀಗರು. "ಅಗೀನಿಲ್ಲ ತಾನೆ?"

"ಇಲ್ಲ ತಾತ."

"ಅಂಗಿದ್ರೆ ಸರಿ," ಅಂತ ಕಣ್ಣು ಮುಚ್ಚಿ ನುಂಗಿದರು. ಗಂಟಲು ಒಂದು ಸಲ ಎದ್ದಿತು, ಒಂದು ಸಲ ಇಳಿಯಿತು. ಆ ಗಂಟಲಿಗೆ ನಾನು ಇವತ್ತೂ ಸಲಾಂ ಹೊಡೆಯುತ್ತೇನೆ.

ಐದಾರು ನಿಮಿಷ ಅಷ್ಟೆ. ಡಾಕ್ಟರಮ್ಮ ನಿಲ್ಲಿಸಿ ನಿಲ್ಲಿಸಿ, ಹಿಂದಕ್ಕೆ ಮುಂದಕ್ಕೆ ಎಳೆಸಿ ನೋಡಿದರು. ಹೊಟ್ಟೆಯ ಹುಳಿ ವರ್ಷಗಟ್ಟಲೆ ಮೇಲಕ್ಕೆ ಉಕ್ಕಿ ಉಕ್ಕಿ ಕೆಳಗಡೆ ಸುಟ್ಟು, ಗಾಯ ಮಾದು ಮಾದು ಉಂಗುರದ ಹಾಗೆ ಬಿಗಿದುಕೊಂಡಿದೆ ಅಂದರು. ಕೆಟ್ಟದ್ದೇನೂ ಕಣ್ಣಿಗೆ ಕಾಣಿಸುತ್ತಿಲ್ಲ, ಆದರೂ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಲೇಬೇಕು, ಬಿಗಿಯನ್ನೂ ಅಗಲ ಮಾಡಬಹುದು, ಎರಡಕ್ಕೂ ಪೈಪೇ ಬೇಕು ಅಂದರು.

ನಾನು ಬಾಗಿಲಿಗೆ ಅಡ್ಡ ನಿಂತೆ, ಓಡಿದರೆ ಹಿಡಿಯಲಿಕ್ಕೆ. ಬೀಗರು ಓಡಲಿಲ್ಲ. ಮೊಮ್ಮಗಳ ಕಡೆ ನೋಡಿ, "ನೀನ್ ಇರ್ತೀಯಾ?" ಅಂದರು. "ಇರ್ತೀನಿ" ಅಂದಳು. "ಇಳ್ಸಿ ಅಂಗಾದ್ರೆ" ಅಂದರು.

ಪೈಪು ಇಳಿಸಿದರು, ಬಿಗಿ ಬಿಡಿಸಿದರು, ಚೂರು ತೆಗೆದು ಕಳಿಸಿದರು. ವರದಿ ಬರುವ ತನಕ ಬೀಗಿತ್ತಿಯದು ಪೂರಿಗಾಲಿಯಿಂದ ದಿನಕ್ಕೆ ಹತ್ತು ಸಲ ಫೋನು. ಬಂತಾ ಅಣ್ಣ, ಬಂತಾ ಅಣ್ಣ. ನಾನು ಊರಿಗೆಲ್ಲ ಮೊಮ್ಮಗಳ ಗುಳಿಗೆಯ ಕತೆ ಹೇಳಿ ನಗಿಸುತ್ತಿದ್ದೆ, ಮನೆಗೆ ಬಂದರೆ ಅನ್ನ ಇಳಿಯುತ್ತಿರಲಿಲ್ಲ.

ಬಂತು. ಏನೂ ಇಲ್ಲ! ಕೆಟ್ಟ ಕಾಯಿಲೆಯ ಒಂದು ಕಣವೂ ಇಲ್ಲ! ಡಾಕ್ಟರಮ್ಮ ಓದಿ ಹೇಳಿದಾಗ ನಾನು ಕುರ್ಚಿಯಿಂದ ಎದ್ದು ಅವರಿಗೆ ಕೈ ಮುಗಿದೆ, ನರ್ಸಮ್ಮನಿಗೆ ಕೈ ಮುಗಿದೆ, ಪರದೆಗೆ ಕೈ ಮುಗಿದೆ, ನೀರಿನ ಲೋಟಕ್ಕೂ ಮುಗಿಯುತ್ತಿದ್ದೆ! ಬೀಗಿತ್ತಿಗೆ ಫೋನು ಹಚ್ಚಿ ಕಿರುಚಿದೆ. ಆ ಕಡೆ ಅವರೂ ಕಿರುಚಿದರು. ತಿರುಗಿ ನೋಡಿದರೆ ಬೀಗರೇ ಇಲ್ಲ.

ಹೊರಗೆ ಕಾರಿಡಾರಿನಲ್ಲಿ, ಗೋಡೆಗೆ ಮುಖ ಮಾಡಿಕೊಂಡು ನಿಂತಿದ್ದರು. ಒಂದು ಚಟಾಕಿ ಹಾರಿಸಬೇಕೆಂದು ಹತ್ತಿರ ಹೋದೆ. ಹೆಗಲ ಮೇಲಿನ ಟವೆಲ್ಲು ಅಲ್ಲಾಡುತ್ತಿತ್ತು. ಪಕ್ಕದಲ್ಲಿ ನಿಂತೆ.

ಅವರು ಗೋಡೆಯ ಕಡೆ ನೋಡುತ್ತಲೇ ಕೇಳಿದರು. "ಬೀಗ್ರೆ, ನೀವ್ ನೋಡುದ್ರಲ್ಲ. ಒಳ್ಗೆ ಎಂಗಿತ್ತು?"

ನಾನು ನಿಜವನ್ನೇ ಹೇಳಿದೆ. "ಕೆಳ್ಗಡೆ ಒಂದೀಟು ಕೆಂಪಾಗಿತ್ತು. ಮಿಕ್ಕಿದ್ದೆಲ್ಲ, ನಮ್ ಮೊಮ್ಮಗ್ಳ ಉಟ್ದಾಗ ಎತ್ಕಂಡಿದ್ವಲ್ಲ ಬೀಗ್ರೆ, ಅವತ್ತು ಅವ್ಳ ಅಂಗೈ ಬಿಡ್ಸಿ ನೋಡಿದ್ವಲ್ಲ, ಆ ಬಣ್ಣ."

"ಸುಳ್ಳು," ಅಂದರು. "ಎಪ್ಪತ್ ವರ್ಸ ಇಟ್ಟು, ಕಾರ, ಬೀಡಿ ಎಲ್ಲ ಓಗವೆ ಒಳೀಕೆ."

"ನಿಜ ಕಣ್ರೀ. ಅಂಗೇ ಅದೆ."

ಅಷ್ಟರಲ್ಲಿ ಮೊಮ್ಮಗಳು ಬಿಳಿ ಕೋಟಿನಲ್ಲಿ ಓಡುತ್ತಾ ಬಂದಳು. ಬೀಗರು ಮುಖ ಒರೆಸಿಕೊಂಡು ತಿರುಗಿದರು. ಅವಳ ಬಲಗೈ ಹಿಡಿದು, ಅಂಗೈಯನ್ನು ಮೇಲು ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಏನ್ ತಾತ, ಭವಿಷ್ಯ ನೋಡ್ತಿದ್ದೀರಾ?" ಅಂದಳು ಅವಳು ನಗುತ್ತಾ.

"ಊಂ ಕಣವ್ವ," ಅಂತ ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿದರು.